ಮಗಳು ಕೇಳಿದ ಅನುಮತಿ

ಎಲ್ಕ್ ಗ್ರೋವ್‌ನ ಕಾರ್ಖಾನೆಯಲ್ಲಿ ನನ್ನ ಪಕ್ಕದ ಲೇತ್ ನಡೆಸುತ್ತಿದ್ದವನು ಹಿಂದೆ ಜೈಲಿನಲ್ಲಿದ್ದವನು. ಅದನ್ನು ಅವನು ಹೇಳಿದ್ದು ನನಗೊಬ್ಬನಿಗೇ, ನನ್ನ ಡಬ್ಬಿಯ ಚಿತ್ರಾನ್ನ ತಿನ್ನುತ್ತ. ಏಜೆನ್ಸಿ ಕಳಿಸಿದ ಆಳಾದ್ದರಿಂದ ಕಾರ್ಖಾನೆಯವರು ಅವನ ಹಿಂದಿನದನ್ನು ಕೇಳಿರಲಿಲ್ಲ.

ಮಗಳು ಕ್ರಿಮಿನಾಲಜಿ ಓದುತ್ತಿದ್ದಳು. ಜೈಲಿನಿಂದ ಬಂದವರು ಕೆಲಸದಲ್ಲಿ ಹೇಗೆ ನೆಲೆಯೂರುತ್ತಾರೆ ಎಂಬುದು ಅವಳ ಸಂಶೋಧನೆ. "ಅಪ್ಪಾ, ಯಾರೂ ಮಾತಾಡೋಕೆ ಒಪ್ತಿಲ್ಲ" ಎಂದು ಒಂದು ಭಾನುವಾರ ಮುಖ ಸಣ್ಣದು ಮಾಡಿಕೊಂಡಳು. ನಾನು ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು. ಅವಳ ಓದಿಗೆ ನನ್ನಿಂದಲೂ ಏನೋ ಆಗುತ್ತದೆಯಲ್ಲ ಎಂದು ಹಿಗ್ಗಿ ಅವನನ್ನು ಕೇಳಿದೆ.

"ನಿನ್ನ ಮಗಳು ತಾನೇ? ಆಯ್ತು. ಫೀಸು ಮಾತ್ರ ಈ ಅನ್ನಾನೇ" ಎಂದು ನಕ್ಕ. ಆಮೇಲೆ ದನಿ ತಗ್ಗಿಸಿ, "ಇಲ್ಲಿ ಯಾರಿಗೂ ಗೊತ್ತಾಗಬಾರದು" ಎಂದ.

ಮಗಳಿಗೆ ಅದನ್ನೇ ಹೇಳಿದೆ. "ಪ್ರಾಮಿಸ್, ಅಪ್ಪಾ. ಎಥಿಕ್ಸ್ ಅಪ್ರೂವಲ್ ಇರೋದೇ ಅದಕ್ಕೆ. ಅವರಿಗೆ ತೊಂದ್ರೆ ಆಗದ ಹಾಗೆ ಯೂನಿವರ್ಸಿಟಿ ಕಮಿಟಿ ನೋಡ್ಕೊಳ್ಳತ್ತೆ."

ಊಟದ ಬಿಡುವಿನಲ್ಲಿ ಕಾರ್ಖಾನೆಯಲ್ಲೇ ಮಾತಾಡಿಸುವುದಾಗಿ ಅವಳು ಅಪ್ಲೈ ಮಾಡಿದ್ದಳು. ಹಾಗಾದರೆ ಕಾರ್ಖಾನೆಯ ಒಪ್ಪಿಗೆಯೂ ಬೇಕು ಎಂದಿತು ಕಮಿಟಿ. ನನಗೆ ಸುಳಿವೂ ಕೊಡದೆ ನಮ್ಮ ಮ್ಯಾನೇಜರಿಗೆ ಫೋನ್ ಮಾಡಿದಳು. ಹೆಸರು ಹೇಳಲಿಲ್ಲವಂತೆ. ಜೈಲಿನಲ್ಲಿದ್ದು ಬಂದವರು, ನಮ್ಮಪ್ಪನ ಜೊತೆ ಊಟ ಮಾಡುವವರು ಎಂದಷ್ಟೇ ಹೇಳಿದಳಂತೆ. ನನ್ನ ಜೊತೆ ಊಟಕ್ಕೆ ಕೂರುತ್ತಿದ್ದವನು ಅವನೊಬ್ಬನೇ.

ಮಾರನೆಯ ದಿನ ಮ್ಯಾನೇಜರ್ ಅವನನ್ನು ಒಳಗೆ ಕರೆದ. ಹೊರಗೆ ಬಂದವನು ತನ್ನ ಅಳತೆಯ ಗೇಜುಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಗೆ ಹಾಕಿಕೊಂಡ.

"ನಾನು ಹೇಳಿದ್ದು ನಿನಗೆ" ಎಂದ. ಅಷ್ಟೇ. ಆಮೇಲೆ ನನ್ನ ಫೋನು ಎತ್ತಲಿಲ್ಲ.

ಅಂದು ಮನೆಗೆ ಬರುವಾಗ ನಾನು ಹೆದ್ದಾರಿಯಿಂದ ಇಳಿಯಬೇಕಾದ ವುಡ್‌ರಿಡ್ಜ್‌ನ ಎಕ್ಸಿಟ್ ದಾಟಿ ಎಷ್ಟೋ ದೂರ ಹೋಗಿಬಿಟ್ಟಿದ್ದೆ.

"ನನ್ನನ್ನ ಒಂದ್ ಮಾತು ಕೇಳ್ಬಾರದಿತ್ತೇನೇ?"

ಮಗಳು ಅಳುತ್ತಿದ್ದಳು. "ಐ ಫಾಲೋಡ್ ದ ಪ್ರೊಸೀಜರ್, ಅಪ್ಪಾ. ನಿಂಗೆ ಇದೆಲ್ಲ ಅರ್ಥ ಆಗಲ್ಲ ಅಂದ್ಕೊಂಡೆ."

ಅವನ ಕೆಲಸ ಹೋದದ್ದಕ್ಕೆ ಸಿಟ್ಟಿತ್ತು. ಆದರೆ ಈ ಮಾತು ನೆಟ್ಟ ಜಾಗವೇ ಬೇರೆ.

ಅವಳು ಮಾತಾಡಿಸಲು ಬೇರೆ ಜಾಗ ತೋರಿಸಿ ಮತ್ತೆ ಅಪ್ಲೈ ಮಾಡಿದಳು. ಅಪ್ರೂವಲ್ ಬಂತು. ಹೆಂಡತಿ ಶಾವಿಗೆ ಪಾಯಸ ಮಾಡಿದಳು. ಬಟ್ಟಲು ಮುಂದಿಟ್ಟುಕೊಂಡು ಕೇಳಿದೆ: "ಅವನ ಕೆಲಸ ಹೋಗಿದ್ದು ಕಮಿಟಿಗೆ ಹೇಳಿದ್ಯಾ?"

"ಅವರಿನ್ನೂ ನನ್ನ ಸ್ಟಡಿಗೆ ಪಾರ್ಟಿಸಿಪೆಂಟೇ ಆಗಿರಲಿಲ್ಲವಲ್ಲಪ್ಪಾ. ಹೇಳೋದೇನಿದೆ?"

ಪಾಯಸ ಹಾಗೇ ಬಿಟ್ಟು ಎದ್ದೆ.