ಭಾವನ ತಲೆಯ ಮೇಲಿನ ಮನೆ

ರುಝಾ ಮಂಚದ ಮೇಲೆ ಕಾಲು ಮಡಚಿ ಕುಳಿತು ಕೆಳಗಿನ ಕೆಮ್ಮಿಗೆ ಕಿವಿಗೊಟ್ಟಿದ್ದಳು. ಕೆಳಮನೆಯಲ್ಲಿರುವುದು ತೀರಿಹೋದ ಗಂಡನ ಅಣ್ಣ, ಗ್ರಾಂಚಾ. ಅವನು ಒಳಗಿದ್ದಾನೆಂದರೆ ಇವಳು ನೆಲಕ್ಕೆ ಕಾಲಿಡುವಂತಿಲ್ಲ. ಒಲೆಯ ಮೇಲೆ ಎಲೆಕೋಸು ಸೀದುಹೋದರೂ ಸರಿ, ಬಚ್ಚಲಿಗೆ ಅವಸರವಾದರೂ ಸರಿ, ಕೂತಲ್ಲೇ ಕೂತಿರಬೇಕು.

ನಮ್ಮ ತಾಮ್ರಗಾರ ಜನರಲ್ಲಿ ಹೆಂಗಸಿನ ಲಂಗ ಗಂಡಸಿನ ತಲೆಯ ಮೇಲೆ ಹಾಯಬಾರದು. ಹಾಯಿತೋ, ಆ ಗಂಡಸು ಮೈಲಿಗೆ. ಆಮೇಲೆ ಅವನ ಜೊತೆ ಯಾರೂ ಉಣ್ಣುವುದಿಲ್ಲ, ಅವನ ಲೋಟ ಮುಟ್ಟುವುದಿಲ್ಲ. ಓಲ್ತ್ ಹೊಳೆಯ ದಂಡೆಯಲ್ಲಿ ತಗಡಿನ ಗುಡಿಸಲು ಹಾಕಿಕೊಂಡು ತಾಮ್ರದ ಹಂಡೆ ಬಡಿಯುತ್ತಿದ್ದಾಗ ನಮಗೆ ಇದೊಂದು ತಾಪತ್ರಯವೇ ಆಗಿರಲಿಲ್ಲ. ತಲೆಯ ಮೇಲೆ ತಗಡು, ಅದರ ಮೇಲೆ ಆಕಾಶ, ಅಷ್ಟೇ. ಆಮೇಲೆ ನಗರಸಭೆಯವರಿಗೆ ನಮ್ಮ ಮೇಲೆ ಎಲ್ಲಿಲ್ಲದ ಕರುಣೆ ಉಕ್ಕಿ ಬಂತು. ಗುಡಿಸಲುಗಳನ್ನು ನೆಲಸಮ ಮಾಡಿ ದಂಡೆಗೆ ಬೇಲಿ ಹಾಕಿದರು. ಊರಾಚೆ, ಮುಚ್ಚಿಹೋದ ಸಕ್ಕರೆ ಕಾರ್ಖಾನೆಯ ಹಿಂದೆ, ಎರಡಂತಸ್ತಿನ ಮನೆಗಳ ಸಾಲು ಕಟ್ಟಿಸಿ, ರಿಬ್ಬನ್ ಕತ್ತರಿಸಿ, ಫೋಟೋ ತೆಗೆಸಿಕೊಂಡು ಹೋದರು. ನಲ್ಲಿಯಲ್ಲಿ ನೀರು ಬರುತ್ತದೆ, ಕಿಟಕಿಗೆ ಗಾಜಿದೆ, ಇಲ್ಲವೆನ್ನುವುದಿಲ್ಲ. ಆದರೆ ಯಾರ ಮೇಲೆ ಯಾರಿರಬೇಕು ಎಂದು ನಮ್ಮನ್ನೊಂದು ಮಾತು ಕೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು!

ಉಳಿದವರು ಹೇಗೋ ಕಣ್ಣುಮುಚ್ಚಿಕೊಂಡರು. ಬಾಯಿಬಿಟ್ಟು ಹೇಳದಿದ್ದರೆ ಆಗಿಯೇ ಇಲ್ಲವೆಂದು ಲೆಕ್ಕ. ಗ್ರಾಂಚಾ ಹಾಗೆ ಮಾಡುವಂತಿರಲಿಲ್ಲ. ನಮ್ಮ ಜನರ ಜಗಳ, ಮದುವೆ, ಮುನಿಸು ಎಲ್ಲ ತೀರ್ಮಾನವಾಗುತ್ತಿದ್ದುದು ಅವನ ಬಾಯಿಂದಲೇ. ಮೈಲಿಗೆಯಾದವನು ನ್ಯಾಯ ಹೇಳುವ ಹಾಗಿಲ್ಲ. ಮೇಲಿನ ಮನೆಗೆ ಹೋಗೋಣವೆಂದರೆ ಅವನ ಮೊಣಕಾಲಿಗೆ ಮೆಟ್ಟಿಲು ಹತ್ತುವ ತ್ರಾಣವಿಲ್ಲ.

ಮೇಲೆ ರುಝಾಳ ಎದುರುಮನೆಯಲ್ಲಿ ಮದುವೆಯಾಗದ ಇಬ್ಬರು ಅಣ್ಣತಮ್ಮಂದಿರಿದ್ದರು. ಅವರ ನೆಲದಡಿ ಬಾಯ್ಲರ್ ಕೋಣೆ, ಮನುಷ್ಯರಿಲ್ಲ. ಮನೆ ಬದಲಿಸಿಕೊಳ್ಳಲು ಅವರು ಒಪ್ಪಿದರು. ರುಝಾ ಗ್ರಾಂಚಾನ ಸೊಸೆ ಸಾಬಿನಾಳನ್ನು ಕರೆದುಕೊಂಡು ಕಚೇರಿಗೆ ಹೋದಳು.

"ಮನೆ ಸೋರತ್ತಾ?" ಮೇಜಿನ ಹಿಂದಿನ ಹೆಂಗಸು ಕೇಳಿದಳು.

"ಇಲ್ಲಮ್ಮ."

"ಗೋಡೆ ಬಿರುಕು ಬಿಟ್ಟಿದೆಯಾ?"

"ಇಲ್ಲ. ಕೆಳಗೆ ನಮ್ಮ ಭಾವ ಇದಾರೆ."

"ಇದ್ರೆ ಒಳ್ಳೇದಲ್ವೇನ್ರೀ, ಕಷ್ಟಸುಖಕ್ಕೆ ಆಗ್ತಾರೆ!" ಅವಳು ನಕ್ಕಳು. "ನೋಡಿ, ಯಾರಿಗೆ ಕೊಟ್ಟಿದ್ದೋ ಅವರೇ ಇರ್ಬೇಕು. ತಪಾಸಣೆಗೆ ಬಂದಾಗ ಅದಲುಬದಲು ಕಂಡ್ರೆ ಎರಡೂ ಮನೆ ವಾಪಸ್."

ಹೊರಗೆ ಬಂದು ಸಾಬಿನಾ ಥೂ ಎಂದು ಉಗಿದಳು. "ಇವಳ ಮಾವನ್ನ ಇವಳ ಕಾಲಡೀಲಿ ಮಲಗಿಸ್ಬೇಕು ಚಿಕ್ಕತ್ತೆ, ಆಗ ಗೊತ್ತಾಗತ್ತೆ."

"ಅವಳಿಗೆ ಆಗಲೂ ಗೊತ್ತಾಗಲ್ಲ, ಬಿಡೇ. ಚೆನ್ನಾಗಿ ನಿದ್ದೆ ಮಾಡ್ತಾಳೆ" ಎಂದಳು ರುಝಾ.

ಅಂದಿನಿಂದ ಒಂದು ಏರ್ಪಾಡು ತಾನಾಗಿಯೇ ಬೆಳೆಯಿತು. ಬೆಳಗಾದರೆ ಗ್ರಾಂಚಾ ಕೋಲೂರಿಕೊಂಡು ಅಂಗಳದ ಬೆಂಚಿಗೆ ಹೋಗಿ ಕೂರುತ್ತಿದ್ದ. ಆ ಹೊತ್ತಿನಲ್ಲಿ ರುಝಾ ದಡಬಡ ಎದ್ದು ಒಲೆ ಹಚ್ಚಿ, ಬೇಯಿಸಿ, ಒಗೆದು, ಗುಡಿಸಿ ಮುಗಿಸಬೇಕು. ಒಳಗೆ ಬರುವಾಗ ಅವನು ಬಾಗಿಲಲ್ಲಿ ನಿಂತು ಬೇಕಂತಲೇ ಜೋರಾಗಿ ಕೆಮ್ಮುತ್ತಿದ್ದ. ಕೆಮ್ಮು ಕೇಳಿದ್ದೇ ಇವಳು ಮಂಚ ಹತ್ತುತ್ತಿದ್ದಳು. ಈ ಬಗ್ಗೆ ಇಬ್ಬರೂ ಒಂದು ಮಾತೂ ಆಡಿದವರಲ್ಲ. ಆಡುವ ಮಾತೂ ಅದಲ್ಲ.

ಚಳಿಗಾಲ ಬಂತು. ಗ್ರಾಂಚಾ ಹಿಮದಲ್ಲೂ ಬೆಂಚು ಬಿಡಲಿಲ್ಲ. ರುಝಾ ಕಿಟಕಿಯಿಂದ ನೋಡಿದರೆ ಅವನ ಟೋಪಿಯ ಮೇಲೆ ಬಿಳಿ ಕೂತಿರುತ್ತಿತ್ತು. ಅಯ್ಯೋ, ನನ್ನ ಒಂದು ಪಾತ್ರೆ ಗಂಜಿಗಾಗಿ ಈ ಮುದುಕ ಸೆಟೆದುಕೊಂಡು ಸಾಯುತ್ತಾನಲ್ಲಾ ಎಂದುಕೊಳ್ಳುತ್ತಿದ್ದಳು. ಅಡಿಗೆ ಅರ್ಧಕ್ಕೇ ಬಿಟ್ಟು ಬೇಗ ಬೇಗ ಮಂಚ ಹತ್ತಿ ಕೂರುತ್ತಿದ್ದಳು. ಸದ್ದು ನಿಂತಿತೆಂದು ಅವನಿಗೆ ಹೇಗೆ ತಿಳಿಯಬೇಕು? ಅವನು ಹೊರಗೇ ಇದ್ದ, ಇವಳು ಸುಮ್ಮನೆ ಮೇಲೆ ಕೂತಿದ್ದಳು.

ಕೊನೆಗೊಂದು ದಿನ ಅವನನ್ನು ಬೆಂಚಿನಿಂದ ಹೊತ್ತು ತರಬೇಕಾಯಿತು. ಎದೆಯಲ್ಲಿ ಕಫ ಕಟ್ಟಿದೆ, ವಸಂತ ಬರುವವರೆಗೆ ಹೊಸಿಲು ದಾಟಕೂಡದು ಎಂದು ಡಾಕ್ಟರು ಹೇಳಿದ್ದು ರುಝಾಳಿಗೆ ತೆಳ್ಳನೆಯ ನೆಲದ ಮೂಲಕವೇ ಕೇಳಿಸಿತು. ಅವಳು ಮಂಚದ ಮೇಲಿದ್ದಳು. ಬಾಗಿಲು ಆಚೆ ತುದಿಯಲ್ಲಿತ್ತು. ಅಲ್ಲಿಗೆ ಹೋಗಬೇಕಾದರೂ ಭಾವನ ತಲೆಯ ಮೇಲೆಯೇ ಹಾಯಬೇಕು.

ಒಲೆ ಆರಿತು. ಹಾಸಿಗೆಯ ಪಕ್ಕದ ಹೂಜಿಯ ನೀರು ತಳ ಕಂಡಿತು. ಬಕೆಟ್ಟೊಂದನ್ನು ಮಂಚದ ಬದಿಗೆ ಎಳೆದುಕೊಂಡಳು. ಆ ನಾಚಿಕೆ ಬೇರೆ. ಸಾಬಿನಾ ಹೊರಗಿನ ಮೆಟ್ಟಿಲು ಹತ್ತಿ ಬಂದು ಹೊಸಿಲಾಚೆ ನಿಂತಳು. ಅವಳೂ ಒಳಗೆ ಕಾಲಿಡುವಂತಿರಲಿಲ್ಲ; ಎದುರುಮನೆಯ ಗಂಡಸರು ಒಂಟಿ ಹೆಂಗಸಿನ ಕೋಣೆಗೆ ಬರುವಂತಿರಲಿಲ್ಲ.

"ಹಿಡಿ ಚಿಕ್ಕತ್ತೆ!" ಎಂದು ರೊಟ್ಟಿಯನ್ನು ಬೀಸಿ ಎಸೆದಳು. ಅದು ಕೋಣೆಯ ನಟ್ಟನಡುವೆ ದೊಪ್ಪನೆ ಬಿತ್ತು.

"ಗುರಿ ನೋಡು! ನಿನ್ನ ಗಂಡನ್ನ ಹೇಗೆ ಹಿಡ್ದ್ಯೇ ನೀನು?" ರುಝಾ ನಗಲು ಹೋದಳು. ಅಳು ಬಂತು. ಕೈ ಚಾಚಿದಳು, ಎಟುಕಲಿಲ್ಲ.

ಕೆಳಗೆ ಆಗ ಕಾಯಿಲೆಯವನನ್ನು ನೋಡಲು ನಮ್ಮ ಹಿರಿಯರೆಲ್ಲ ಬಂದು ಕೂತಿದ್ದರು. ಲೋಟಗಳಿಗೆ ಪ್ಲಮ್ ಹಣ್ಣಿನ ಸಾರಾಯಿ ಬಗ್ಗಿಸುವ ಸದ್ದು ಕೇಳುತ್ತಿತ್ತು. ರೊಟ್ಟಿ ಬಿದ್ದ ಸದ್ದಿಗೆ ಮಾತು ನಿಂತಿತು.

"ಮೇಲೆ ಏನೋ ಬಿತ್ತು" ಎಂದ ಗ್ರಾಂಚಾ. ಹೆಜ್ಜೆ ಸದ್ದಿಗೆ ಕಿವಿಗೊಟ್ಟ. "ಎತ್ತಿಕೊಳ್ಳೋರು ಯಾರೂ ಇಲ್ವಾ?"

ಆಗ ಅವನ ಕೋಲು ಕೆಳಮನೆಯ ಸೂರಿಗೆ ಬಡಿಯಿತು, ರುಝಾಳ ಮಂಚದಡಿ.

"ರುಝಾ! ಬದುಕಿದ್ದೀಯೇನೇ?"

"ಇದ್ದೀನಿ ಭಾವ."

"ಮತ್ತೆ ಎದ್ದು ಓಡಾಡು."

"ಸುಮ್ನಿರಿ ಭಾವ! ಜನ ಇದಾರೆ. ನಾನು ಆರಾಮಾಗಿದ್ದೀನಿ."

"ಜನ ಇದಾರೆ ಅಂತಲೇ ಹೇಳ್ತಿದೀನಿ. ಕೇಳಿಸ್ಕೊಳ್ಳಲಿ. ನಿನ್ನ ಮನೇಲಿ ನೀನು ನಡಿ. ನನ್ನ ತಲೆ ಮೇಲೇ ನಡಿ. ಹೂಂ, ಏಳು!"

ಬಾಯಿಬಿಟ್ಟು ಹೇಳಿಯಾಯಿತು. ಇನ್ನು ಕಣ್ಣುಮುಚ್ಚಿಕೊಳ್ಳುವ ಮಾತೇ ಇಲ್ಲ. ರುಝಾ ಅಳುತ್ತಾ ಒಂದು ಕಾಲು ಇಳಿಸಿದಳು, ಇನ್ನೊಂದು ಇಳಿಸಿದಳು, ನಡೆದು ಹೋಗಿ ರೊಟ್ಟಿ ಎತ್ತಿಕೊಂಡಳು. ಕೆಳಗೆ ಕುರ್ಚಿಗಳು ಸರಿದವು. ಲೋಟ ಮೇಜಿನ ಮೇಲಿಟ್ಟ ಸದ್ದು, ಆಮೇಲೆ ಬಾಗಿಲು. ಹಿರಿಯರು ಟೋಪಿ ಹಾಕಿಕೊಂಡು ಒಬ್ಬೊಬ್ಬರಾಗಿ ಅಂಗಳ ದಾಟಿದ್ದನ್ನು ಅವಳು ಕಿಟಕಿಯಿಂದ ಕಂಡಳು. ಮೇಜಿನ ಮೇಲಿನ ಸಾರಾಯಿಯನ್ನು ಯಾರೂ ಕುಡಿದಿರಲಿಲ್ಲವೆಂದು ಸಾಬಿನಾ ಆಮೇಲೆ ಹೇಳಿದಳು.

ಗ್ರಾಂಚಾ ಸಾಯಲಿಲ್ಲ. ವಸಂತದಲ್ಲಿ ಮತ್ತೆ ಬೆಂಚಿಗೆ ಬಂದ. ನ್ಯಾಯ ಕೇಳಲು ಮಾತ್ರ ಯಾರೂ ಬರಲಿಲ್ಲ. ಈಗ ಅದೆಲ್ಲ ಬೇರೆಯವನ ಅಂಗಳದಲ್ಲಿ ನಡೆಯುತ್ತದೆ. ಮದುವೆಗಳಲ್ಲಿ ಅವನಿಗೆ ಮೂಲೆಯಲ್ಲಿ ಬೇರೆ ತಟ್ಟೆ ಇಡುತ್ತಾರೆಂದು ಅವನು ಹೋಗುವುದೇ ಇಲ್ಲ.

ರುಝಾಳಿಗೆ ಈಗ ಮನೆ ತುಂಬ ಓಡಾಡುವ ಸ್ವಾತಂತ್ರ್ಯವಿದೆ. ಕೆಲಸವೆಲ್ಲ ಮುಗಿದು ಕಾಲು ನೊಂದು ಒಂದು ಗಳಿಗೆ ಕೂತಳೋ, ಕೆಳಗಿನಿಂದ ಕೋಲು ಸೂರಿಗೆ ಬಡಿಯುತ್ತದೆ. ಅವಳು ಕೂತರೆ ಆ ಮುದುಕ ಕಳೆದುಕೊಂಡದ್ದೆಲ್ಲ ನೀರುಪಾಲು. ಅದಕ್ಕೇ ಮತ್ತೆ ಎದ್ದು, ಒಲೆಯಿಂದ ಕಿಟಕಿಗೆ, ಕಿಟಕಿಯಿಂದ ಒಲೆಗೆ, ಸುಮ್ಮನೆ ನಡೆಯುತ್ತಾಳೆ.