ಅಕ್ಕನಿಗೆ ಗೊತ್ತಿಲ್ಲದ ಮೊಟ್ಟೆ

ನಾನು ಚಿಕ್ಕವನಿದ್ದಾಗ ನನ್ನ ಮಾತನ್ನೆಲ್ಲ ಅಕ್ಕನೇ ಆಡುತ್ತಿದ್ದಳು. ನನಗೆ ಮಾತು ಬರುತ್ತಿರಲಿಲ್ಲ ಎಂದಲ್ಲ. ಬರುತ್ತಿತ್ತು, ಆಡುವ ಅಗತ್ಯ ಬೀಳುತ್ತಿರಲಿಲ್ಲ. ಅವಳ ಲಂಗದ ಅಂಚನ್ನು ಒಮ್ಮೆ ಎಳೆದರೆ ಸಾಕು, "ಅಮ್ಮಾ, ಇವನಿಗೆ ಹಸಿವಂತೆ" ಎಂದು ಕೂಗುತ್ತಿದ್ದಳು. ಕಾಲು ಕುಣಿಸಿದರೆ ಹಿತ್ತಲಿಗೆ ಕರೆದೊಯ್ಯುತ್ತಿದ್ದಳು. ಮುಖ ಸಿಂಡರಿಸಿದರೆ ನನ್ನ ತಟ್ಟೆಯ ಹಾಗಲಕಾಯಿ ಅವಳ ತಟ್ಟೆಗೆ ಹೋಗುತ್ತಿತ್ತು. ಇಷ್ಟು ಸಲೀಸಾಗಿ ನಡೆಯುತ್ತಿದ್ದ ವ್ಯವಸ್ಥೆಯನ್ನು ಯಾವ ಮಗು ತಾನಾಗಿ ಕೆಡಿಸಿಕೊಳ್ಳುತ್ತದೆ? ಅಮ್ಮ ಇದನ್ನು ನನ್ನ ಒಳ್ಳೆಯತನವೆಂದೇ ತಿಳಿದಿದ್ದಳು. ಬಂದವರಿಗೆಲ್ಲ, "ನಮ್ಮ ಹುಡುಗ ಪಾಪ, ಬಾಯೇ ಬಿಡಲ್ಲ" ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು.

ನಮ್ಮದು ಬಾಣಸವಾಡಿಯ ಕಡೆ, ರೈಲು ಹಳಿಗೆ ಹತ್ತಿರವಿದ್ದ ಸಣ್ಣ ಊರು. ಆಗ ಅಲ್ಲಿ ಮನೆಗಳಿಗಿಂತ ಹೊಲಗಳೇ ಹೆಚ್ಚು. ಅಪ್ಪ ಸೊಪ್ಪು ಬೆಳೆಯುತ್ತಿದ್ದರು. ಬೆಳಕು ಹರಿಯುವ ಮೊದಲೇ ಸೈಕಲ್ಲಿನ ಹಿಂದೆ ಮಂಕರಿ ಕಟ್ಟಿಕೊಂಡು ಶಿವಾಜಿನಗರದ ಮಾರ್ಕೆಟ್ಟಿಗೆ ಹೋಗುತ್ತಿದ್ದರು. ಅಲ್ಲಿನ ಗಿರಾಕಿಗಳ ಸಹವಾಸದಿಂದ ಅಪ್ಪನಿಗೆ ತಮಿಳು, ಉರ್ದು ಎರಡೂ ಸೊಪ್ಪಿನ ಮಟ್ಟಿಗೆ ಚೆನ್ನಾಗಿ ಬರುತ್ತಿದ್ದವು. ಅಮ್ಮ ತಲೆಯ ಮೇಲೆ ಬುಟ್ಟಿ ಹೊತ್ತು ಹಲಸೂರಿನ ಬೀದಿಗಳಲ್ಲಿ ಮಾರಿ ಬರುತ್ತಿದ್ದಳು. ಅಜ್ಜಿ ಇರುವವರೆಗೆ ನನ್ನನ್ನು ಅಜ್ಜಿ ನೋಡಿಕೊಂಡಳು. ಅಜ್ಜಿ ತೀರಿಕೊಂಡ ಮೇಲೆ, ಬೇಸಿಗೆ ರಜೆಯಿಡೀ ನಾನು ಅಕ್ಕನ ಸೊಂಟದ ಮೇಲೇ ಇದ್ದೆ. ಅವಳು ಮೂರನೇ ಕ್ಲಾಸು ಮುಗಿಸಿದ್ದಳು. ಶಾಲೆ ಶುರುವಾಗುವಾಗ ನನ್ನನ್ನೂ ಒಂದನೇ ಕ್ಲಾಸಿಗೆ ಸೇರಿಸಿಬಿಟ್ಟರೆ ಇಬ್ಬರೂ ಒಟ್ಟಿಗೆ ಹೋಗಿ ಬರಬಹುದು ಎಂದು ಮನೆಯಲ್ಲಿ ಮಾತಾಗಿತ್ತು.

ಶಾಲೆಗೆ ಸೇರಿಸುವ ದಿನ ಅಪ್ಪ ಬೇಗ ಮಾರ್ಕೆಟ್ಟಿನಿಂದ ಬಂದರು. ಅಮ್ಮ ನನ್ನ ತಲೆಗೆ ಹರಳೆಣ್ಣೆ ಸುರಿದು, ಬೈತಲೆ ತೆಗೆದು ಬಾಚಿದಳು. ಹೊಸ ಚಡ್ಡಿ ಗಂಜಿಯ ವಾಸನೆ ಹೊಡೆಯುತ್ತಿತ್ತು, ನಡೆದರೆ ಸರಬರ ಎನ್ನುತ್ತಿತ್ತು. ಅಪ್ಪನ ಹಿಂದೆ ನಾನು, ನನ್ನ ಪಕ್ಕ ಅಕ್ಕ. ಮೇಷ್ಟ್ರು ಮೊದಲು ಬಲಗೈಯನ್ನು ತಲೆಯ ಮೇಲಿನಿಂದ ಹಾಯಿಸಿ ಎಡಗಿವಿ ಮುಟ್ಟಲು ಹೇಳಿದರು. ಆಗೆಲ್ಲ ಹುಟ್ಟಿದ ತಾರೀಖು ಸರಿಯಾಗಿ ಗೊತ್ತಿರುತ್ತಿರಲಿಲ್ಲ, ಕೈ ಕಿವಿಗೆ ಎಟುಕಿದರೆ ಶಾಲೆಗೆ ಬರುವ ವಯಸ್ಸಾಗಿದೆ ಎಂದು ಅರ್ಥ. ನನ್ನ ಕೈ ಎಟುಕಿತು. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು.

"ನಿನ್ನ ಹೆಸರೇನಪ್ಪಾ?" ಎಂದು ಮೇಷ್ಟ್ರು ಕೇಳಿದರು. ಅಕ್ಕ ನನ್ನ ಹೆಸರು ಹೇಳಿದಳು. "ನಿಮ್ಮಪ್ಪ ಏನು ಕೆಲಸ ಮಾಡ್ತಾರೆ?" ಎಂದರು. "ಸೊಪ್ಪು ಬೆಳೀತಾರೆ ಸಾರ್" ಎಂದಳು ಅಕ್ಕ. ಮೇಷ್ಟ್ರು ಕನ್ನಡಕ ತೆಗೆದು ಅವಳನ್ನು ನೋಡಿದರು. "ನಿನ್ನನ್ನ ಆಗಲೇ ಸೇರಿಸ್ಕೊಂಡಾಗಿದೆ ಕಣಮ್ಮ. ಸ್ವಲ್ಪ ಹೊರಗೆ ನಿಂತ್ಕೋ."

ಅಕ್ಕ ಹೊರಗೆ ಹೋದ ಮೇಲೆ ಹಿಡಿದುಕೊಳ್ಳಲು ಲಂಗವಿರಲಿಲ್ಲ. ಮೇಷ್ಟ್ರು ಮತ್ತೆ ಹೆಸರು ಕೇಳಿದರು. ಊರು ಕೇಳಿದರು. ಗೋಡೆಯ ಮೇಲಿದ್ದ ಹಸುವಿನ ಚಿತ್ರ ತೋರಿಸಿ ಅದು ಏನೆಂದು ಕೇಳಿದರು. ನಾನು ಅವರ ಮೇಜಿನ ಮೇಲಿದ್ದ ಗಂಟೆಯನ್ನು ನೋಡುತ್ತ ನಿಂತಿದ್ದೆ. ಮೇಷ್ಟ್ರು ಕೆಟ್ಟವರೇನಲ್ಲ, ಗದರಲಿಲ್ಲ. "ನಾಳೆ ಇನ್ನೊಂದ್ಸಲ ಕರ್ಕೊಂಡು ಬನ್ನಿ. ಬಾಯಿ ಬಿಟ್ರೆ ಸೇರಿಸ್ಕೋತೀನಿ. ಇಲ್ಲಾಂದ್ರೆ ಮುಂದಿನ ವರ್ಷ ನೋಡೋಣ" ಎಂದು ಅಪ್ಪನಿಗೆ ಹೇಳಿ ಕಳಿಸಿದರು.

ಮನೆಗೆ ಬಂದು ಹೇಳಿದಾಗ ಅಮ್ಮ ರಾಗಿ ಕೇರುತ್ತಿದ್ದಳು. ಮೊರ ಕೆಳಗಿಟ್ಟು, "ಮುಂದಿನ ವರ್ಷ ಅಂದ್ರೆ ಅಲ್ಲೀವರೆಗೂ ಇವನನ್ನ ಯಾರು ನೋಡ್ಕೊಳ್ಳೋದು? ನಾನು ಬುಟ್ಟಿ ಹೊರಬೇಕಾ, ಇವನನ್ನ ಹೊರಬೇಕಾ? ಅವಳೇ ಒಂದು ವರ್ಷ ಮನೇಲಿರ್ಲಿ ಬಿಡಿ" ಎಂದಳು. ಅದರಲ್ಲಿ ಕೋಪವೇನೂ ಇರಲಿಲ್ಲ. ಆಗ ಎಲ್ಲ ಮನೆಗಳಲ್ಲೂ ಹಾಗೆಯೇ ನಡೆಯುತ್ತಿತ್ತು. ಆದರೆ ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳಲು ಒಂದು ವರ್ಷ ನಿಂತ ಹುಡುಗಿ ಮತ್ತೆ ಸ್ಲೇಟು ಹಿಡಿದು ಹೊರಟದ್ದನ್ನು ನಮ್ಮ ಬೀದಿಯಲ್ಲಿ ಯಾರೂ ನೋಡಿರಲಿಲ್ಲ. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಅಕ್ಕನಿಗೆ ಅದು ಗೊತ್ತಿತ್ತು. ಅಪ್ಪ ಹೊಲಕ್ಕೆ ಹೋದರು.

ಮಧ್ಯಾಹ್ನ ಅಕ್ಕ ನನ್ನನ್ನು ಹೊಂಗೆ ಮರದ ಕೆಳಗೆ ಕೂರಿಸಿಕೊಂಡು ತಾನೇ ಮೇಷ್ಟ್ರಾದಳು. "ನಿನ್ನ ಹೆಸರೇನು? ಹೇಳು." ನನಗೆ ಆಶ್ಚರ್ಯವಾಯಿತು. ದಿನವಿಡೀ ಆ ಹೆಸರು ಹಿಡಿದು ಕರೆಯುವವಳು ಅವಳೇ. ಗೊತ್ತಿರುವುದನ್ನು ಮತ್ತೆ ಯಾಕೆ ಕೇಳುತ್ತಾಳೆ ಎಂದು ಸುಮ್ಮನೆ ಅವಳ ಮುಖ ನೋಡಿದೆ. ಅವಳು ಪುಸಲಾಯಿಸಿದಳು, ಗದರಿದಳು, ತೋಳು ಚಿವುಟಿದಳು. ಕೊನೆಗೆ ಮಂಡಿಯೊಳಗೆ ಮುಖ ಹುದುಗಿಸಿ ಅಳತೊಡಗಿದಳು. ಅಕ್ಕ ಅಳುವುದನ್ನು ನಾನು ಅದುವರೆಗೆ ಅಷ್ಟಾಗಿ ನೋಡಿರಲಿಲ್ಲ. ನನಗೆ ಭಯವಾಯಿತು, ಸಂಕಟವೂ ಆಯಿತು. ನನಗೆ ತಿಳಿದಿದ್ದ ಒಂದೇ ಕೆಲಸ ಮಾಡಿದೆ, ಅವಳ ಲಂಗದ ಅಂಚು ಹಿಡಿದು ಎಳೆದೆ. ಅವಳು ಮೂಗು ಒರೆಸಿಕೊಂಡು, ಯಾರೂ ಇಲ್ಲದ ಕಡೆ ತಿರುಗಿ, "ಇವನಿಗೆ ಬೆಲ್ಲ ಬೇಕಂತೆ" ಎಂದಳು. ಎದ್ದು ಹೋಗಿ ಬೆಲ್ಲ ತಂದು ಕೊಟ್ಟಳು.

ಸಂಜೆ ಎಂದಿನಂತೆ ಜಗಲಿಯ ಮೇಲೆ ಸೊಪ್ಪಿನ ರಾಶಿ ಬಿತ್ತು. ಮಾರನೆಯ ದಿನದ ಮಾರ್ಕೆಟ್ಟಿಗೆ ಅದನ್ನೆಲ್ಲ ಕಂತೆ ಕಟ್ಟಬೇಕು. ಹಿಡಿಯಷ್ಟು ಸೊಪ್ಪು ತೆಗೆದು, ಬೇರು ಸಮ ಮಾಡಿ, ನೆನೆಸಿದ ಬಾಳೆನಾರಿನಿಂದ ಎರಡು ಸುತ್ತು ಸುತ್ತಿ ಬಿಗಿಯುವುದು. ಮೂವರೂ ರಾಶಿಯ ಸುತ್ತ ಕೂರುತ್ತಿದ್ದರು, ನಾನು ಅಕ್ಕನಿಗೆ ಒತ್ತಿಕೊಂಡು ಕೂತು ನಾರು ಕೊಡುತ್ತಿದ್ದೆ. ಕೈಗೆಲ್ಲ ಸಬ್ಬಸಿಗೆಯ ಘಮ, ಚಡ್ಡಿಯ ಹಿಂಬದಿಗೆ ಒದ್ದೆ ಮಣ್ಣು. ನಮ್ಮ ಮನೆಯ ಮಾತುಕತೆ ನಡೆಯುತ್ತಿದ್ದದ್ದೇ ಆ ಹೊತ್ತಿನಲ್ಲಿ. ಮಾರ್ಕೆಟ್ಟಿನಲ್ಲಿ ಎರಡು ಎತ್ತುಗಳು ಯಾರದೋ ಎಲೆಕೋಸಿನ ಗುಡ್ಡೆಗೆ ಬಾಯಿ ಹಾಕಿದ್ದನ್ನು ಅಪ್ಪ ಹೇಳುತ್ತಿದ್ದರು. ಹಲಸೂರಿನ ಯಾವ ಮನೆಯಲ್ಲಿ ನಾಮಕರಣ, ಯಾವ ಮನೆಯ ಅಜ್ಜಿ ಕೊತ್ತಂಬರಿಯನ್ನು ಮೂಸಿ ಮೂಸಿ ವಾಪಸು ಇಟ್ಟಳು ಎಂದು ಅಮ್ಮ ಹೇಳುತ್ತಿದ್ದಳು. ಅಕ್ಕ ಶಾಲೆಯದನ್ನು ಹೇಳುತ್ತಿದ್ದಳು. ಕೈ ಕೆಲಸದಲ್ಲಿರುತ್ತಿದ್ದರಿಂದ ಯಾರೂ ಯಾರ ಮುಖವನ್ನೂ ದಿಟ್ಟಿಸುತ್ತಿರಲಿಲ್ಲ. ನನ್ನ ಸರದಿ ಮಾತ್ರ ಬರುತ್ತಿರಲಿಲ್ಲ. ಇಡೀ ದಿನ ಮನೆಯಲ್ಲೇ ಇದ್ದವನ ಬಳಿ ಹೊಸದೇನಿದ್ದೀತು ಎಂದೋ ಏನೋ, ಯಾರೂ ಕೇಳುತ್ತಿರಲಿಲ್ಲ.

ಆ ಸಂಜೆ ಅಮ್ಮ ಕೋಳಿಯ ವಿಷಯ ತೆಗೆದಳು. "ಆ ಕೆಂಪು ಕೋಳಿ ಮೊಟ್ಟೆ ಇಡೋದೇ ಬಿಟ್ಬಿಟ್ಟೈತೆ. ಸುಮ್ನೆ ಕಾಳು ತಿನ್ನುತ್ತೆ. ನಾಳೆ ಶಿವಾಜಿನಗರಕ್ಕೆ ತಗೊಂಡೋಗಿ ಕೊಟ್ಬಿಡಿ" ಎಂದಳು. "ಆಗ್ಲಿ" ಎಂದರು ಅಪ್ಪ.

ಕೆಂಪು ಕೋಳಿ ಮೊಟ್ಟೆ ಇಡುವುದನ್ನು ಬಿಟ್ಟಿರಲಿಲ್ಲ. ಎಲ್ಲಿ ಇಡುತ್ತಿದೆ ಎಂಬುದು ನನಗೆ ಗೊತ್ತಿತ್ತು. ಅಕ್ಕ ನೀರಿಗೆ ಹೋದಾಗೆಲ್ಲ ನಾನು ಒಬ್ಬನೇ ಹಿತ್ತಲಲ್ಲಿ ಕೂತು ಅದನ್ನು ನೋಡುತ್ತಿದ್ದೆ. ಅಕ್ಕನ ಲಂಗ ಎಳೆದೆ.

"ಇವನಿಗೆ ನಿದ್ದೆ ಬಂದೈತೆ" ಎಂದಳು ಅಕ್ಕ. ನಾನು ತಲೆಯಾಡಿಸಿ ಮತ್ತೆ ಎಳೆದೆ. "ನೀರು ಬೇಕಂತೆ." ಅಲ್ಲ. "ಹಿತ್ತಲಿಗೆ ಹೋಗ್ಬೇಕಂತೆ." ಅದೂ ಅಲ್ಲ. ಅಕ್ಕ ಕಂತೆ ಬಿಟ್ಟು ನನ್ನನ್ನು ನೋಡಿದಳು. ನನ್ನೊಳಗೆ ಇರುವುದು ಅವಳಿಗೆ ತಿಳಿಯದೆ ಹೋದದ್ದು ಅದೇ ಮೊದಲು. ಇಬ್ಬರಿಗೂ ಗಾಬರಿಯಾಯಿತು.

"ಅಮ್ಮಣ್ಣಿ, ನೀನು ಸುಮ್ನಿರು. ಅವನೇನೋ ಹೇಳ್ತಾನೆ, ಕೇಳೋಣ" ಎಂದು ಅಪ್ಪ ಅಕ್ಕನಿಗೆ ಹೇಳಿದರು. ಅಷ್ಟು ಹೇಳಿ ಮತ್ತೆ ಕಂತೆ ಕಟ್ಟತೊಡಗಿದರು. ನನ್ನ ಕಡೆ ನೋಡಲೂ ಇಲ್ಲ. ಅಮ್ಮ ಏನೋ ಹೇಳಲು ಬಾಯಿ ತೆರೆದಳು, ಅಪ್ಪ ಅವಳ ಕೈಗೆ ಒಂದು ಎಳೆ ನಾರು ಕೊಟ್ಟರು. ಮೂವರ ಕೈಯೂ ಆಡುತ್ತಿತ್ತು. ಅಷ್ಟರಲ್ಲಿ ದಂಡು ಸ್ಟೇಷನ್ನಿನ ಕಡೆಗೆ ಹೋಗುವ ರೈಲು ಬಂತು. ಅದು ದಾಟಿ, ಸದ್ದು ಅಡಗುವವರೆಗೆ ಕಾದರು. ಆಮೇಲೂ ಕಾದರು. ಅಕ್ಕ ತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದಿದ್ದಳು, ಪಾಪ.

"ಮೊಟ್ಟೆ ಐತೆ" ಎಂದೆ.

ಯಾರೂ ಹೋ ಎನ್ನಲಿಲ್ಲ. ಯಾರೂ ನನ್ನನ್ನು ಎತ್ತಿಕೊಳ್ಳಲಿಲ್ಲ. "ಹೌದಾ? ಎಲ್ಲೈತೆ?" ಎಂದರು ಅಪ್ಪ, ಮಾರ್ಕೆಟ್ಟಿನಲ್ಲಿ ಇನ್ನೊಬ್ಬ ರೈತನನ್ನು ಕೇಳುವ ದನಿಯಲ್ಲಿ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅದು ನನಗೆ ಅರ್ಥವಾಯಿತು. ಅಪ್ಪನಿಗೆ, ಅಮ್ಮನಿಗೆ, ಕೊನೆಗೆ ಅಕ್ಕನಿಗೂ ಗೊತ್ತಿಲ್ಲದ್ದು ನನಗೊಬ್ಬನಿಗೆ ಗೊತ್ತಿತ್ತು.

"ವಾಡೇಲಿ." ವಾಡೆ ಎಂದರೆ ಕಾಳು ತುಂಬಿಡುವ ದೊಡ್ಡ ಮಣ್ಣಿನ ಪಾತ್ರೆ.

"ವಾಡೆಯೊಳಗೆ ರಾಗಿ ಐತಲ್ಲಪ್ಪ?"

"ಒಡೆದೋಗಿರೋ ವಾಡೆ. ಬಣವೆ ಹಿಂದೆ ಬಿದ್ದೈತಲ್ಲ, ಅದು."

"ಅಲ್ಲಿಗೆ ಹೆಂಗೆ ಹೋಗುತ್ತೆ ಅದು?"

ಆಮೇಲೆ ನನ್ನನ್ನು ತಡೆಯುವವರಿರಲಿಲ್ಲ. ಕೋಳಿ ಮೊದಲು ಬೇಲಿಯ ಹತ್ತಿರ ಸುಮ್ಮನೆ ಕೆದಕುವಂತೆ ನಟಿಸುವುದು, ನಾಯಿ ನೋಡುತ್ತಿದ್ದರೆ ಒಳಗೆ ಹೋಗದೆ ಇರುವುದು, ಒಳಗೆ ಹೋದ ಮೇಲೆ ತಲೆ ಮಾತ್ರ ಹೊರಗಿಟ್ಟು ನೋಡುವುದು, ಎಲ್ಲವನ್ನೂ ಹೇಳಿದೆ. ಅಪ್ಪ ನನ್ನ ಒಂದೊಂದು ಉತ್ತರದ ಬಾಲ ಹಿಡಿದು ಇನ್ನೊಂದು ಪ್ರಶ್ನೆ ಕೇಳುತ್ತಿದ್ದರು. ಅಮ್ಮ ಲಾಂದ್ರ ಹಿಡಿದು ಆಗಲೇ ಎದ್ದಿದ್ದಳು. "ಕೂತ್ಕೋ, ಮೊಟ್ಟೆ ಎಲ್ಲಿಗೂ ಓಡೋಗಲ್ಲ. ಅವನದಿನ್ನೂ ಮುಗಿದಿಲ್ಲ" ಎಂದರು ಅಪ್ಪ. ಅಮ್ಮ ಕೂತಳು. ಮುಗಿದ ಮೇಲೆ ಎಲ್ಲರೂ ಹೋಗಿ ನೋಡಿದೆವು. ಒಡೆದ ವಾಡೆಯೊಳಗೆ ಹುಲ್ಲಿನ ಮೇಲೆ ಮೊಟ್ಟೆಗಳ ಗುಪ್ಪೆ, ಅವುಗಳ ಮೇಲೆ ರೆಕ್ಕೆ ಅಗಲಿಸಿ ಕೂತ ಕೆಂಪು ಕೋಳಿ. ನಮ್ಮನ್ನು ನೋಡಿ ಅದಕ್ಕೆ ಸ್ವಲ್ಪವೂ ಸಂತೋಷವಾಗಲಿಲ್ಲ.

ಮರುದಿನ ಮೇಷ್ಟ್ರು ಹೆಸರು ಕೇಳಿದರು. ನಾನು ಕೋಳಿಯ ವಿಚಾರ ಹೇಳಿದೆ. ಅವರು ಸ್ವಲ್ಪ ಹೊತ್ತು ಕೇಳಿ, ನಡುವೆ ಎಲ್ಲೋ ಒಂದು ಕಡೆ ನನ್ನ ಹೆಸರನ್ನೂ ಹೇಳಿಸಿಕೊಂಡು, ಸೇರಿಸಿಕೊಂಡರು. ಹೊರಗೆ ಕಿಟಕಿಯ ಕಂಬಿ ಹಿಡಿದು ನಿಂತಿದ್ದ ಅಕ್ಕ ಅಲ್ಲಿಂದಲೇ ತನ್ನ ನಾಲ್ಕನೇ ಕ್ಲಾಸಿನತ್ತ ಓಡಿದಳು, ತಿರುಗಿಯೂ ನೋಡಲಿಲ್ಲ. ಸಂಜೆ ಮನೆಗೆ ನಡೆದು ಬರುವಾಗ ನಾನು ದಾರಿಯಲ್ಲಿ ಸಿಕ್ಕವರ ಜೊತೆಯೆಲ್ಲ ಮಾತಾಡುತ್ತಿದ್ದೆ. "ನನ್ನ ಲಂಗ ಹಿಡ್ಕೊಳಲ್ವೇನೋ?" ಎಂದು ಅವಳು ಒಮ್ಮೆ ಕೇಳಿದಳು. ನಾನು ಹಿಡಿದುಕೊಳ್ಳಲಿಲ್ಲ. ಅವಳಿಗೆ ಖುಷಿಯೂ ಆಗಿತ್ತು, ಏನನ್ನೋ ಕಳೆದುಕೊಂಡಂತೆಯೂ ಆಗಿತ್ತು ಎಂದು ಈಗ ಅನಿಸುತ್ತದೆ.

ನಾವೀಗ ಸಿ.ವಿ. ರಾಮನ್ ನಗರದಲ್ಲಿ ನಾಲ್ಕನೇ ಮಹಡಿಯಲ್ಲಿದ್ದೇವೆ. ಕೋಣೆಗೊಂದು ಬಾಗಿಲು, ಬಾಗಿಲಿಗೊಂದು ಚಿಲಕ. ಸೊಪ್ಪು ಬಿಡಿಸಿಕೊಂಡು, ತೊಳೆಸಿಕೊಂಡು, ಡಬ್ಬಿಯಲ್ಲಿ ತುಂಬಿಸಿಕೊಂಡೇ ಬರುತ್ತದೆ. ನಮ್ಮ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ತಮ್ಮ ಬಾಯಿ ಬಿಡಲಿಲ್ಲವೆಂದು ಅಕ್ಕ ಶಾಲೆ ಬಿಡಬೇಕಾಗುವ ಕಾಲ ಅದು. ನನ್ನ ಮೊಮ್ಮಗಳಿಗೆ ಆ ಭಯವಿಲ್ಲ. ಆದರೆ ಮೊಮ್ಮಗನಿಗೆ ಮಾತು ಕಡಿಮೆ, ಶಾಲೆಯಲ್ಲೂ ಹಾಗೆಯೇ ಹೇಳಿದ್ದಾರೆ. ಆದ್ದರಿಂದ ಸೊಸೆ ರಾತ್ರಿ ಊಟದ ಹೊತ್ತನ್ನು ಮಾತಿಗೆಂದೇ ಇಟ್ಟಿದ್ದಾಳೆ. ಎಲ್ಲರ ಫೋನೂ ಬೇರೆ ಕೋಣೆಗೆ ಹೋಗುತ್ತದೆ. "ಇವತ್ತು ಸ್ಕೂಲಲ್ಲಿ ಏನೇನಾಯ್ತು?" ಎಂದು ಅವಳು ಕೇಳುತ್ತಾಳೆ. ನಾವೆಲ್ಲ ಅವನ ಬಾಯನ್ನೇ ನೋಡುತ್ತೇವೆ. "ಏನಿಲ್ಲ" ಎನ್ನುತ್ತಾನೆ. ಅವನ ಅಕ್ಕ ಅವನ ಪರವಾಗಿ ಉಳಿದದ್ದನ್ನು ಹೇಳುತ್ತಾಳೆ. ಸೊಸೆಯ ಮುಖ ಸಪ್ಪೆಯಾಗುತ್ತದೆ. ತಾತಂದಿರ ಸಲಹೆಗೆ ಈಗ ಅಷ್ಟು ಗಿರಾಕಿಯಿಲ್ಲ, ಹಾಗಾಗಿ ನಾನು ಸುಮ್ಮನಿರುತ್ತೇನೆ.

ಅವರೆಕಾಯಿಯ ಕಾಲ ಬಂತು. ಒಂದು ಭಾನುವಾರ ನಾನು ಕಾಳು ನೆನೆಹಾಕಿ, ಹಾಲ್‌ನ ನೆಲಕ್ಕೆ ಪೇಪರು ಹಾಸಿ, ಹಿತುಕಲು ಎಲ್ಲರನ್ನೂ ಕರೆದೆ. ಬೆರಳ ಸಂದಿಯಲ್ಲಿ ಹಿಡಿದು ಒತ್ತಿದರೆ ಬೇಳೆ ಪುಳಕ್ಕನೆ ಹಾರುತ್ತದೆ, ಮಕ್ಕಳು ಬೇಡವೆನ್ನಲಿಲ್ಲ. ಸ್ವಲ್ಪ ಹೊತ್ತು ಬೇಳೆ ಸೋಫಾದ ಕೆಳಗೆಲ್ಲ ಹಾರಿತು. ಆಮೇಲೆ ಎಲ್ಲರ ಕೈಯೂ ಹದಕ್ಕೆ ಬಂತು, ಗಲಾಟೆ ಇಳಿಯಿತು. ಮುಂದಿನದನ್ನು ಮೊಮ್ಮಗನನ್ನು ಕೇಳಿಯೇ ಬರೆಯುತ್ತಿದ್ದೇನೆ.

ಮೊಮ್ಮಗ ತಲೆ ಎತ್ತದೆ, "ಸ್ಕೂಲಲ್ಲಿ ನನ್ನ ಪಕ್ಕ ಯಾರೂ ಕೂತ್ಕೊಳಲ್ಲ" ಎಂದ.

ನನ್ನ ಮಗ, "ನಾಳೇನೇ ಟೀಚರ್‌ಗೆ..." ಎಂದು ಶುರು ಮಾಡಿದ. ದೊಡ್ಡವಳು, "ಅದೂ ಮಮ್ಮಿ, ಇವನು..." ಎಂದಳು. ಸೊಸೆ ಒಂದು ಕೈಯನ್ನು ಮಗಳ ಮಂಡಿಯ ಮೇಲಿಟ್ಟಳು. ಅವಳ ಕಣ್ಣು ತುಂಬಿತ್ತು. ಆದರೂ ಇನ್ನೊಂದು ಕಾಳು ತೆಗೆದುಕೊಂಡು ಹಿತುಕಿ, "ಹೌದಾ? ನೀನು ಎಲ್ಲಿ ಕೂತ್ಕೋತೀಯ?" ಎಂದು ಕೇಳಿದಳು.

"ಕಿಟಕಿ ಹತ್ರ."

"ಅಲ್ಲಿಂದ ಏನು ಕಾಣುತ್ತೆ?"

ಅವನು ಯೋಚಿಸಿದ. ನಾವು ನಾಲ್ವರೂ ಕೈ ನಿಲ್ಲಿಸದೆ ಕಾದೆವು. ಅವನು ಬಟ್ಟಲಿನಿಂದ ಇನ್ನೊಂದು ಕಾಳು ಎತ್ತಿಕೊಂಡು, ಹೇಳತೊಡಗಿದ.