ದೊಡ್ಡವ್ವನ ಇದ್ದಿಲು ಹೊಲ

ಪರಶುರಾಂಪುರದ ಹತ್ತಿರದ ನಮ್ಮ ಊರಿನ ಸುತ್ತ ಮಳೆಗೆ ಬರವಿದ್ದರೂ ಬಳ್ಳಾರಿ ಜಾಲಿಗೆ ಬರವಿರಲಿಲ್ಲ. ತೊಂಬತ್ತರ ದಶಕದಲ್ಲಿ ಚಳ್ಳಕೆರೆಯ ಸಾಬರೊಬ್ಬರು ಬೇಸಿಗೆಗೆ ಬಂದು ಆ ಜಾಲಿ ಕಡಿಸಿ, ಒಟ್ಟಿ, ಮೇಲೆ ಮಣ್ಣು ಮುಚ್ಚಿ ಇದ್ದಿಲು ಸುಡಿಸುತ್ತಿದ್ದರು. ದಪ್ಪ ಇದ್ದಿಲು ಚೀಲದಲ್ಲಿ ತುಂಬಿ ಲಾರಿ ಹತ್ತುತ್ತಿತ್ತು. ಪುಡಿ ಮಾತ್ರ ಅಲ್ಲೇ ಉಳಿಯುತ್ತಿತ್ತು. ಅದನ್ನು ಕೇಳುವವರಿರಲಿಲ್ಲ.

ಕೇಳಿದವಳು ನನ್ನ ದೊಡ್ಡವ್ವ, ಅಪ್ಪನ ಅಣ್ಣನ ಹೆಂಡತಿ. ಗಂಡ ತೀರಿಕೊಂಡಾಗ ಅವಳಿಗಿನ್ನೂ ನಲವತ್ತು ತುಂಬಿರಲಿಲ್ಲ, ಮಕ್ಕಳೂ ಇರಲಿಲ್ಲ. ಅವಳ ಪಾಲಿಗೆಂದು ಎರಡು ಎಕರೆ ಕೆಂಪು ಮರಳು ನೆಲವನ್ನು ಬಾಯಿಮಾತಿನಲ್ಲಿ ಬಿಟ್ಟುಕೊಟ್ಟಿದ್ದರು. ಪಹಣಿ ಮಾತ್ರ ಚಿಕ್ಕಪ್ಪನ ಹೆಸರಿನಲ್ಲೇ ಉಳಿಯಿತು. "ನಾನಿಲ್ವಾ ಅತ್ಗೆ, ನಿಮಗ್ಯಾಕೆ ತಾಲ್ಲೂಕಾಪೀಸಿನ ಅಲೆದಾಟ?" ಎಂದಿದ್ದ ಅವನು. ಕೇಳಿದವರಿಗೆಲ್ಲ ಅದು ಉಪಕಾರದ ಮಾತಿನ ಹಾಗೇ ಕೇಳಿಸಿತ್ತು.

ನನ್ನಪ್ಪ ಚಳ್ಳಕೆರೆಯಲ್ಲಿ ಅಂಗಡಿ ಇಟ್ಟಿದ್ದರು. ನಾನು ಅಲ್ಲೇ ಬಿ.ಎಸ್ಸಿ. ಓದುತ್ತಿದ್ದೆ. ರಜೆಗೆ ಊರಿಗೆ ಹೋದರೆ ದೊಡ್ಡವ್ವನ ಹಿಂದೆಯೇ ಹೊಲಕ್ಕೆ ಹೋಗುತ್ತಿದ್ದೆ. ಒಂದು ದಿನ ಅವಳು ಬದುವಿನ ಮೇಲೆ ನಿಂತು, ಹಿಂದೆ ಇದ್ದಿಲು ಸುಟ್ಟಿದ್ದ ಜಾಗ ತೋರಿಸಿದಳು. ಅಲ್ಲಿನ ಶೇಂಗಾ ಗಿಡ ಉಳಿದದ್ದಕ್ಕಿಂತ ಕಡುಹಸಿರಾಗಿತ್ತು. ಮಳೆ ಹೋಗಿ ಎಂಟು ದಿನವಾಗಿದ್ದರೂ ಬುಡದ ಮಣ್ಣು ತಣ್ಣಗಿತ್ತು.

"ಈ ಪುಡಿ ಏನೋ ಮಾಡ್ತೈತೆ ಕಣವ್ವ," ಎಂದಳು.

ಮುಂದಿನ ಬೇಸಿಗೆಯಲ್ಲಿ ಸಾಬರನ್ನು ಕೇಳಿದಳು. ಅವರು ನಕ್ಕು, "ತಗೊಳ್ಳಿ ಅಕ್ಕಾ, ಗಾಳಿಗೆ ಹೋಗೋದು ನಿಮ್ಮ ಹೊಲಕ್ಕೇ ಹೋಗ್ಲಿ," ಎಂದರು. ಅವಳು ಬುಟ್ಟಿಯಲ್ಲಿ ಹೊತ್ತು, ಮುಖ ಮೈಯೆಲ್ಲ ಕಪ್ಪಾಗಿಸಿಕೊಂಡು ಅರ್ಧ ಎಕರೆಗೆ ಚೆಲ್ಲಿದಳು. ಮಳೆ ಬಿದ್ದ ಮೇಲೆ ಈರುಳ್ಳಿ ಬಿತ್ತಿದಳು.

ಆ ವರ್ಷ ಈರುಳ್ಳಿ ಹಳದಿ ತಿರುಗಿತು. ಉಳಿದ ಹೊಲದಲ್ಲಿ ಗರಿ ಮೊಣಕೈಯುದ್ದ ಬಂದಿದ್ದರೆ, ಇದ್ದಿಲು ಹಾಕಿದ ಕಡೆ ಗೇಣುದ್ದಕ್ಕೇ ನಿಂತಿತು. ಚಿಕ್ಕಪ್ಪ ಕಟ್ಟೆಯ ಮೇಲೆ ನಾಲ್ಕು ಜನರ ಮುಂದೆ, "ಹೆಂಗಸಿನ ಕೈಗೆ ಹೊಲ ಕೊಟ್ರೆ ಹಿಂಗೇ, ಭೂತಾಯಿ ಮುಖಕ್ಕೆ ಮಸಿ ಬಳಿದ್ಲು," ಎಂದ. ಮುಂದಿನ ವರ್ಷದಿಂದ ತಾನೇ ಉಳುತ್ತೇನೆಂದೂ ಹೇಳಿದ. ಕಟ್ಟೆಯಲ್ಲಿ ಕೂತಿದ್ದ ಹಿರಿಯರು ಹೌದೆಂದು ತಲೆಯಾಡಿಸಿದರು. ಹಿಂದಿನ ವರ್ಷ ಅವನ ಶೇಂಗಾ ಒಣಗಿದಾಗ ಅದು ಮಳೆಯ ತಪ್ಪಾಗಿತ್ತು. ದೊಡ್ಡವ್ವನ ಈರುಳ್ಳಿ ಹಳದಿಯಾದರೆ ಅದು ದೊಡ್ಡವ್ವನ ತಪ್ಪು.

ನಾನು ಸಿಟ್ಟಿನಲ್ಲೇ ಕಾಲೇಜಿಗೆ ಹೋಗಿ ರಸಾಯನಶಾಸ್ತ್ರದ ಮೇಷ್ಟ್ರನ್ನು ಕೇಳಿದೆ. ಅವರಿಗೂ ಹೊಲವಿತ್ತು. ಸ್ವಲ್ಪ ಯೋಚಿಸಿ ಹೇಳಿದರು: "ಇದ್ದಿಲಿನ ಮೈಯೆಲ್ಲ ಕಣ್ಣಿಗೆ ಕಾಣದ ತೂತು. ಖಾಲಿ ಇದ್ದಿಲು ಹಾಕಿದರೆ ಬೆಳೆಗೆ ಸಿಗಬೇಕಾದ ಸಾರಜನಕ ಆ ತೂತುಗಳಲ್ಲಿ ಸಿಕ್ಕಿಕೊಳ್ಳುತ್ತೆ. ಮೊದಲು ಅದಕ್ಕೇ ಗೊಬ್ಬರದ ಸಾರ ಕುಡಿಸಿ, ಆಮೇಲೆ ಹಾಕಿ ನೋಡಿ. ಹಿಡಿದಿಟ್ಟದ್ದನ್ನು ಬೇರಿಗೆ ನಿಧಾನಕ್ಕೆ ಬಿಡಬಹುದು. ಚೌಳು ನೆಲಕ್ಕೆ ಮಾತ್ರ ಬೇಡ. ಬೂದಿಯ ಗುಣ ಇರೋದರಿಂದ ಚೌಳು ಹೆಚ್ಚಾಗುತ್ತೆ."

ಇದನ್ನು ಊರಿಗೆ ಬಂದು ಹೇಳಿದಾಗ ದೊಡ್ಡವ್ವ ಆಶ್ಚರ್ಯಪಡಲಿಲ್ಲ. "ಹಸಿದ ಎತ್ತಿನ ಮುಂದೆ ಸಸಿ ಇಟ್ಟಂಗಾತು," ಎಂದಳಷ್ಟೆ. ಚಿಕ್ಕಪ್ಪನ ಮುಂದೆ ಹೋಗಿ ಇನ್ನೊಂದೇ ವರ್ಷ ಬಿಡು ಎಂದು ಕೇಳಿಕೊಂಡಳು. ತನ್ನ ಪಾಲಿನ ಹೊಲವನ್ನು ತಾನೇ ಬೇಡಬೇಕಾಗಿ ಬಂದ ಅವಳ ದನಿ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಹೊಲದ ಮೂಲೆಯಲ್ಲಿ ಗುಂಡಿ ತೋಡಿಸಿ, ಒಂದು ಪದರ ಇದ್ದಿಲು ಪುಡಿ, ಒಂದು ಪದರ ಕುರಿ ಹಿಕ್ಕೆ ಹಾಕಿ, ದಿನಾ ಕೊಟ್ಟಿಗೆಯಿಂದ ಗಂಜಲ ಹೊತ್ತು ತಂದು ಸುರಿದಳು. ಮೂರು ತಿಂಗಳು ಹಾಗೇ ಕೊಳೆಯಲು ಬಿಟ್ಟಳು. ತೆಗೆದಾಗ ಅದು ಇದ್ದಿಲಿನ ಹಾಗಿರಲಿಲ್ಲ. ಕೈಗೆ ಮೆತ್ತಗೆ ಹತ್ತುವ ಕರಿಮಣ್ಣಿನ ಹಾಗಿತ್ತು. ಅದನ್ನು ಅದೇ ಅರ್ಧ ಎಕರೆಗೆ ಹಾಕಿ ಬಿತ್ತಿದಳು. ಆ ವರ್ಷ ಈರುಳ್ಳಿ ಗರಿ ಎದ್ದು ನಿಂತಿತು. ನಡುವೆ ಮಳೆ ಕೈಕೊಟ್ಟಾಗಲೂ ಅವಳ ಅರ್ಧ ಎಕರೆ ಪಕ್ಕದವುಗಳಿಗಿಂತ ತಡವಾಗಿ ಬಾಡಿತು. ಮರುವರ್ಷ ಎರಡೂ ಎಕರೆಗೆ ಹಾಕಿದಳು. ಗಡ್ಡೆಗಳು ಮುಷ್ಟಿಯಷ್ಟಾದವು. ದೊಡ್ಡಉಳ್ಳಾರ್ತಿಯ ಕಡೆಯಿಂದಲೂ ಜನ ನೋಡಲು ಬಂದರು.

ಜನ ಬಂದದ್ದನ್ನು ಕೇಳಿ ಕೃಷಿ ಅಧಿಕಾರಿಯೊಬ್ಬರು ಜೀಪಿನಲ್ಲಿ ಬಂದರು. ಪಹಣಿ ನೋಡಿದರು, ಚಿಕ್ಕಪ್ಪನ ಕೈ ಕುಲುಕಿದರು. ದೊಡ್ಡವ್ವ ಮಜ್ಜಿಗೆ ತಂದುಕೊಟ್ಟಳು. ಅವರು ಲೋಟ ತೆಗೆದುಕೊಂಡರೇ ಹೊರತು ಕೊಟ್ಟವಳ ಮುಖ ನೋಡಲಿಲ್ಲ. ಚಳ್ಳಕೆರೆಯಲ್ಲಿ ರೈತರ ಸಭೆ ಇದೆ, ಮೊಳಕಾಲ್ಮೂರು ಕಡೆಯವರೂ ಬರುತ್ತಾರೆ, ನೀವು ನಿಮ್ಮ ಅನುಭವ ಹೇಳಬೇಕು ಎಂದು ಚಿಕ್ಕಪ್ಪನಿಗೆ ಹೇಳಿ ಹೋದರು.

ಚಿಕ್ಕಪ್ಪ ನನ್ನ ಹತ್ತಿರ ಬಂದ. "ಓದಿದೋಳು ನೀನು, ಭಾಷಣ ಬರ್ದು ಕೊಡವ್ವ."

"ದೊಡ್ಡವ್ವನ ಹೆಸರು?"

"ಹೊಲ ಯಾರ ಹೆಸ್ರಲ್ಲೈತೋ ಅವರನ್ನ ಕರ್ದಾರೆ. ಮನೆ ಮರ್ಯಾದೆ ಅಲ್ವಾ ಇದು, ಅವ್ರದು ನಮ್ದು ಅಂತ ಐತಾ?"

ಅವನು ಮೋಸ ಮಾಡುತ್ತಿದ್ದಾನೆಂದು ಗೊತ್ತಿದ್ದೂ ನಾನು ಬರೆದೆ. 'ದೊಡ್ಡವ್ವ' ಎಂದು ಇರಬೇಕಾದಲ್ಲೆಲ್ಲ 'ನಾನು' ಎಂದು ಬರೆದೆ. ಎರಡು ಹಾಳೆ ಆಯಿತು. ಇದ್ದಿಲನ್ನು ಹಾಗೇ ಹಾಕಿ ಕೆಟ್ಟದ್ದು, ಗಂಜಲದಲ್ಲಿ ನೆನೆಸಬೇಕಾದದ್ದು, ಚೌಳು ನೆಲಕ್ಕೆ ಹಾಕಬಾರದು ಎಂಬುದು, ಎಲ್ಲ ಎರಡನೇ ಹಾಳೆಯಲ್ಲಿತ್ತು.

ಸಭೆಯ ದಿನ ದೊಡ್ಡವ್ವನೂ ಬಸ್ಸು ಹತ್ತಿ ಬಂದು ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದಳು. ಚಿಕ್ಕಪ್ಪ ಮೊದಲ ಹಾಳೆ ಓದಿ ಮುಗಿಸುವಷ್ಟರಲ್ಲಿ ಹೊತ್ತಾಯಿತೆಂದು ಅಧಿಕಾರಿ ಸನ್ನೆ ಮಾಡಿದರು. ಅವನು ಎರಡನೇ ಹಾಳೆಯನ್ನು ಮಡಿಚಿ ಜೇಬಿಗೆ ಹಾಕಿಕೊಂಡ. ಚಪ್ಪಾಳೆ ಬಿತ್ತು. ಶಾಲು ಹೊದಿಸಿದರು, ಪ್ರಶಸ್ತಿ ಪತ್ರ ಕೊಟ್ಟರು. ಆಗ ಮೊಳಕಾಲ್ಮೂರು ಕಡೆಯ ರೈತರೊಬ್ಬರು ಎದ್ದು, "ಇದ್ದಿಲು ಹಂಗೇ ಹಾಕಾದಾ, ಏನಾದ್ರೂ ಮಾಡಿ ಹಾಕ್ಬೇಕಾ?" ಎಂದು ಕೇಳಿದರು.

ಗುಂಡಿಗೆ ಒಂದು ದಿನವೂ ಇಣುಕಿ ನೋಡದ ಚಿಕ್ಕಪ್ಪ, "ಹಂಗೇ ಚೆಲ್ಲಿ ಉತ್ತುಬಿಡೋದು," ಎಂದ.

ದೊಡ್ಡವ್ವ ಎದ್ದು ನಿಂತಳು. "ಹಂಗೇ ಹಾಕ್ಬೇಡ್ರಪ್ಪ. ನಾನು ಹಾಕಿ ಕೆಟ್ಟೀನಿ. ಹಿಕ್ಕೆ, ಗಂಜಲ ಕೂಡ್ಸಿ ಮೂರು ತಿಂಗ್ಳು..."

"ಅಮ್ಮಾ, ಕೂತ್ಕೊಳ್ಳಿ. ಪ್ರಶ್ನೆ ಕೇಳಿರೋದು ಅವರನ್ನ," ಎಂದರು ಅಧಿಕಾರಿ ಮೈಕಿನಲ್ಲಿ. ಕೆಲವರು ನಕ್ಕರು. ಅವಳು ಇನ್ನೂ ಏನೋ ಹೇಳುತ್ತಿದ್ದಳು, ಮೈಕಿನಲ್ಲಿ ಮುಂದಿನ ಹೆಸರು ಕೂಗಿದ್ದರಿಂದ ಯಾರಿಗೂ ಕೇಳಿಸಲಿಲ್ಲ. ನಾನು ತಲೆ ತಗ್ಗಿಸಿಕೊಂಡು ಕೂತಿದ್ದೆ.

ಆ ಮೊಳಕಾಲ್ಮೂರಿನವರು ಮಾತ್ರ ಬಸ್ ನಿಲ್ದಾಣದವರೆಗೆ ಹುಡುಕಿಕೊಂಡು ಬಂದರು. "ಚೆಪ್ಪಮ್ಮಾ, ಹೇಳ್ರಮ್ಮಾ, ನೀವು ಏನೋ ಹೇಳ್ತಿದ್ರಿ," ಎಂದರು. ದೊಡ್ಡವ್ವ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಗುಂಡಿಯ ಅಳತೆಯಿಂದ ಹಿಡಿದು ಎಲ್ಲವನ್ನೂ ಬಿಡಿಸಿ ಹೇಳಿದಳು. ಒಂದು ಬಸ್ಸು ಹೋದರೂ ಹೋಗಲೆಂದು ಬಿಟ್ಟಳು.

ಊರಿಗೆ ಬಂದ ಮೇಲೆ ನಾನು ಅವಳ ಕ್ಷಮೆ ಕೇಳಿದೆ. "ನನ್ನ ಹೆಸ್ರು ಬಿಟ್ಟಿದ್ದು ಹಾಳಾಗ್ಲಿ," ಎಂದಳು. "ಎರಡ್ನೇ ಹಾಳೆ ಓದು ಚಿಕ್ಕಪ್ಪ ಅಂತ ನೀನು ಅಲ್ಲೇ ಎದ್ದು ಹೇಳ್ಬೇಕಿತ್ತು. ಓದ್ಸಿದ್ದು ಯಾತಕ್ಕೆ ನಿನ್ನ?"

ಅವಳು ಹೆದರಿದಂತೆಯೇ ಆಯಿತು. ಮುಂದಿನ ಮಳೆಗಾಲದಲ್ಲಿ ತಳಕು ಕಡೆಯಿಂದ ಸಭೆಗೆ ಬಂದಿದ್ದ ಕೆಲವರು ಒಣ ಇದ್ದಿಲು ಚೆಲ್ಲಿ ಬಿತ್ತಿದರು. ಅವರ ಈರುಳ್ಳಿ ಹಳದಿಯಾಗಿ ನಿಂತಿತು. ಇಬ್ಬರಂತೂ ಚೌಳು ನೆಲಕ್ಕೇ ಹಾಕಿದ್ದರು. ಅದೇ ಅಧಿಕಾರಿ, ಇದ್ದಿಲು ನಮ್ಮ ಭಾಗದ ಮಣ್ಣಿಗೆ ಆಗಿಬರುವುದಿಲ್ಲ ಎಂದು ಹೇಳಿಕೊಂಡು ತಿರುಗಿದರು. ಎರಡು ವರ್ಷ ಗಂಜಲ ಹೊತ್ತ ಹೆಂಗಸನ್ನು ಒಂದು ಮಾತು ಕೇಳಬೇಕೆಂದು ಅವರಿಗೆ ಅನಿಸಲಿಲ್ಲ. ಚಿಕ್ಕಪ್ಪನೂ ಮಳೆ ಸರಿಯಿಲ್ಲ ಎಂದು ಸುಮ್ಮನಾದ.

ಆ ವರ್ಷವೇ ದೊಡ್ಡವ್ವ ಪಡಸಾಲೆಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ, ಬಡಿಸುವುದನ್ನು ನಿಲ್ಲಿಸಿ, "ನನ್ನ ಹೊಲ ನನ್ನ ಹೆಸ್ರಿಗೆ ಮಾಡಪ್ಪ," ಎಂದಳು. ಚಿಕ್ಕಪ್ಪ ತಟ್ಟೆ ಬಿಟ್ಟು ಎದ್ದುಹೋದ. ಈ ಸಲ ನಾನು ಸುಮ್ಮನಿರಲಿಲ್ಲ. ಅರ್ಜಿ ಬರೆದೆ, ಅವಳ ಹೆಬ್ಬೆಟ್ಟು ಒತ್ತಿಸಿದೆ, ಅಪ್ಪನೊಂದಿಗೆ ಜಗಳವಾಡಿ, ಅವರನ್ನು ಒಪ್ಪಿಸಿ ತಾಲ್ಲೂಕು ಕಚೇರಿಗೆ ಕರೆದುಕೊಂಡು ಹೋದೆ. ಮನೆಯಲ್ಲಿ ಎರಡು ವರ್ಷ ಮಾತುಕತೆ ಕೆಟ್ಟಿತು. ಕೊನೆಗೆ ಹಿರಿಯರೆಲ್ಲ ಸೇರಿ ನ್ಯಾಯ ಮಾಡಿದರು: ಅವಳಿಗೆ ಒಂದು ಎಕರೆ, ಚಿಕ್ಕಪ್ಪನಿಗೆ ಒಂದು ಎಕರೆ. ಅವನಿಗೆ ಸಿಕ್ಕಿದ್ದು ಅವಳು ಮೊದಲು ಇದ್ದಿಲು ಹಾಕಿ ಹದಮಾಡಿದ್ದ, ಗುಂಡಿಯೂ ಇದ್ದ ಎಕರೆ. ಅದಕ್ಕೂ ನ್ಯಾಯವೆಂದೇ ಹೆಸರು.

ಮುಂದಿನ ವಾರವೇ ದೊಡ್ಡವ್ವ ತನ್ನ ಪಾಲಿಗೆ ಬಂದ ಎಕರೆಯ ಮೂಲೆಯಲ್ಲಿ ಹೊಸ ಗುಂಡಿ ತೋಡಿಸಿದಳು.